ಉಗ್ರಾಣಪ್ಪ ಪಾಠ ಮುಗಿಸಿದ್ದು

ಅಣುವಿದ್ಯುತ್ ಸ್ಥಾವರದ ಲೋಹ ಪರೀಕ್ಷಾ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ ಆಸಾಮಿಗೆ ಅಲ್ಲಿನವರು ಉಗ್ರಾಣಪ್ಪ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಿ ಸುಳ್ಳಿಲ್ಲ. ಜೀವಮಾನವೆಲ್ಲ ಅವನು ಅದೇ ಸ್ಥಾವರದ ಉಗ್ರಾಣದಲ್ಲಿ ಬೋಲ್ಟು, ವಾಲ್ವುಗಳನ್ನು ಕಾದುಕೊಂಡಿದ್ದವನು. ಹಿರಿತನವೆಂಬ ಒಂದೇ ಯೋಗ್ಯತೆಯ ಮೇಲೆ, ಕಂಡಕಂಡವರ ಕೈಕಾಲು ಹಿಡಿದು ಈ ಕುರ್ಚಿ ಹತ್ತಿದ್ದ. ಹತ್ತಿದ ಮೇಲೆ ಕೈಕಾಲು ಹಿಡಿದದ್ದು ಮರೆತುಹೋಯಿತು. ವರ್ಷ ಕಳೆದಂತೆ ವಿಕಿರಣಕ್ಕೆ ಉಕ್ಕು ಪೆಡಸಾಗಿ ಮುರಿಯುವಂತಾಗುತ್ತದೆಂದು ಎಂಜಿನಿಯರುಗಳು ವರದಿ ತಂದರೆ, "ಕಬ್ಬಿಣ ಅಂದ್ರೆ ಕಬ್ಬಿಣ ಕಣ್ರೀ, ಅದಕ್ಕೇನು ವಯಸ್ಸಾಗುತ್ತಾ?" ಎಂದು ಮೂಗು ಮುರಿಯುತ್ತಿದ್ದ.

ಕುರ್ಚಿಗೆ ಕುತ್ತು ಬಂದದ್ದು ಆನ್‌ಲೈನ್ ತರಬೇತಿಯ ರೂಪದಲ್ಲಿ. ರಿಯಾಕ್ಟರಿನ ಲೋಹಗಳ ಕುರಿತ ಆ ತರಬೇತಿ ಮುಗಿಸಿ ಮೌಖಿಕ ಪರೀಕ್ಷೆ ಪಾಸಾಗದ ಮುಖ್ಯಸ್ಥರು ಮೊದಲಿದ್ದ ಜಾಗಕ್ಕೇ ಮರಳಬೇಕೆಂದು ಮೇಲಿನಿಂದ ಆದೇಶ ಬಂತು. ಆದರೂ ಈ ವಯಸ್ಸಿನಲ್ಲಿ ಕೂತು ಪಾಠ ಕೇಳುವುದು ತನ್ನಂಥವನಿಗೆ ಅವಮಾನ ಎಂದುಕೊಂಡ. ಪಾಠದ ನಡುನಡುವೆ ಪರದೆಯ ಮೇಲೆ 'ಇದ್ದೀರಾ?' ಎಂಬ ಗುಂಡಿ ಮೂಡುತ್ತಿತ್ತು. ಒತ್ತದಿದ್ದರೆ ಪಾಠ ನಿಂತುಬಿಡುತ್ತಿತ್ತು. ಒತ್ತುವ ಕೆಲಸವನ್ನು ಹೆಂಡತಿಗೆ ಅಂಟಿಸಿ ಅವನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆದ. ಆಕೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಸದ್ದು ಆರಿಸಿ ಅದರ ಬಾಯಿ ಮುಚ್ಚಿಸಿ, ತಂಗಿಯ ಜೊತೆ ಫೋನಿನಲ್ಲಿ ಹರಟುತ್ತಾ ಒತ್ತಿದಳು. ಆಫೀಸಿನಲ್ಲಿ ಮಾತ್ರ ಎಲ್ಲರಿಗಿಂತ ಮೊದಲು ಪಾಠ ಮುಗಿಸಿದವನು ತಾನೇ ಎಂದು ಉಗ್ರಾಣಪ್ಪ ಜಂಬ ಕೊಚ್ಚಿಕೊಂಡ.

ಪರೀಕ್ಷೆಯ ದಿನ ಗರಿಗರಿ ಇಸ್ತ್ರಿಯ ಅಂಗಿ ತೊಟ್ಟು ಕ್ಯಾಮೆರಾದ ಮುಂದೆ ಕೂತ. ಪರದೆಯ ಆಚೆ ಪರೀಕ್ಷಕಿಯ ಜೊತೆ ಅವನ ವಿಭಾಗದ ಎಂಜಿನಿಯರುಗಳೂ ಇದ್ದರು. ಹೆಂಡತಿಯನ್ನು ಲ್ಯಾಪ್‌ಟಾಪಿನ ಹಿಂದೆ, ಯಾರಿಗೂ ಕಾಣದಂತೆ ಕೂರಿಸಿಕೊಂಡಿದ್ದ. ಪಾಠವೆಲ್ಲ ಅವಳ ಕಿವಿಗೆ ಬಿದ್ದಿದೆಯಲ್ಲ, ತನಗೆ ತೋಚದಿದ್ದರೆ ಸನ್ನೆ ಮಾಡುತ್ತಾಳೆ ಎಂಬ ಧೈರ್ಯ. ಪರೀಕ್ಷಕಿ ತೀರ ಸುಲಭದ್ದನ್ನೇ ಕೇಳಿದರು. ರಿಯಾಕ್ಟರಿನ ಒಳಗೆ, ಅದರ ಗೋಡೆಯದೇ ಉಕ್ಕಿನ ಸಣ್ಣ ತುಂಡುಗಳನ್ನು ಇಟ್ಟಿರುತ್ತಾರಲ್ಲ, ಯಾಕೆ?

ಅವನು ಹೆಂಡತಿಯತ್ತ ನೋಡಿದ. ಅವಳು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಆಗ ಉಗ್ರಾಣದ ಬುದ್ಧಿಯೇ ನೆರವಿಗೆ ಓಡಿಬಂತು.

"ಸ್ಪೇರ್ ಮೇಡಂ. ಗೋಡೆ ಎಲ್ಲಾದ್ರೂ ಬಿರುಕು ಬಿಟ್ರೆ ತೇಪೆ ಹಾಕೋಕೆ. ಸ್ಟಾಕ್ ಯಾವಾಗ್ಲೂ ಇಟ್ಟಿರ್ಬೇಕು."

ಆಗಾಗ ಆ ತುಂಡುಗಳನ್ನು ಹೊರತೆಗೆದು, ಯಂತ್ರದ ಸುತ್ತಿಗೆಯಿಂದ ಮುರಿದು ನೋಡುತ್ತಾರೆ, ಗೋಡೆ ಎಷ್ಟು ಪೆಡಸಾಗಿದೆ ಎಂಬುದು ಗೊತ್ತಾಗುವುದೇ ಅದರಿಂದ ಎಂದು ಪರೀಕ್ಷಕಿ ತಾಳ್ಮೆಯಿಂದ ಹೇಳಿದರು. ಮೂರನೆಯ ಪಾಠ ಪೂರ್ತಿ ಇದರದ್ದೇ ಅಲ್ಲವೇ ಎಂದೂ ಕೇಳಿದರು.

ಉಗ್ರಾಣಪ್ಪ ಅಂಗೈಯಿಂದ ಕ್ಯಾಮೆರಾ ಮುಚ್ಚಿದ. ಕ್ಯಾಮೆರಾ ಮುಚ್ಚಿದರೆ ಮಾತೂ ಹೊರಗೆ ಹೋಗುವುದಿಲ್ಲವೆಂದು ನಂಬಿದ್ದ ಮಹಾನುಭಾವ.

"ಮೂರನೇ ಪಾಠದಲ್ಲಿ ಇತ್ತಂತೆ. ನಂಗ್ಯಾಕೆ ಹೇಳ್ಲಿಲ್ಲ?"

"ಒತ್ತು ಅಂದ್ರಿ, ಒತ್ತಿದೆ," ಎಂದಳು ಹೆಂಡತಿ. "ಕೇಳು ಅಂತ ಯಾವಾಗ್ರೀ ಅಂದ್ರಿ?"

"ಕೈ ತೆಗೀರಿ ಸರ್," ಎಂದು ಪರೀಕ್ಷಕಿಯ ದನಿ ಬಂತು. "ನಮಗೆಲ್ಲ ಕೇಳಿಸ್ತಿದೆ."

ಕೈ ತೆಗೆಯುವ ಮುಖ ಅವನಿಗಿರಲಿಲ್ಲ. ಈಗ ಮತ್ತೆ ಉಗ್ರಾಣದ ಕಿಟಕಿಯ ಹಿಂದೆ ಕೂತಿದ್ದಾನೆ. ಲೋಹ ವಿಭಾಗದವರು ಒಂದು ಬೋಲ್ಟಿಗೆ ಬಂದರೂ "ಸ್ಪೇರ್ ಇದೆಯಾ ಸರ್?" ಎಂದೇ ಕೇಳುತ್ತಾರೆ. ಅವನು ತಲೆ ಎತ್ತದೆ ತೆಗೆದುಕೊಡುತ್ತಾನೆ.