ಕಾಕಾರ ಜೋಗುಳಕ್ಕೆ ಸಿಗದ ತಂಬೂರಿ

ಮಾಂತುವಿನ ಶಿಸ್ತೆಲ್ಲ ಪುಕ್ಕಟೆ ಕೆಲಸಕ್ಕೇ ಮೀಸಲು. ಹಿಂಜವಾಡಿಯ ಕಂಪನಿಯಲ್ಲಿ ಹೇಗೋ ದಿನ ತಳ್ಳುವವನು, ಖಡಕಿಯ ಮನೆಗೆ ಬಂದು ಸ್ವಂತ ಕಂಪ್ಯೂಟರಿನ ಮುಂದೆ ಕೂತನೆಂದರೆ ಮಡಿ ಉಟ್ಟ ಪೂಜಾರಿಯೇ ಸರಿ. ಹಾಡು ರೆಕಾರ್ಡ್ ಮಾಡುವ ತಂತ್ರಾಂಶಕ್ಕೆ ತಂಬೂರಿ, ತಬಲಾ ಎಂದು ಬಗೆಬಗೆಯ ಪ್ಲಗಿನ್ ಜೋಡಿಸುತ್ತಾರಲ್ಲ, ಯಾರು ಬರೆದ ಪ್ಲಗಿನ್ ಆದರೂ ಯಾರ ತಂತ್ರಾಂಶದಲ್ಲಾದರೂ ನಡೆಯಲಿ ಎಂದು ಅದಕ್ಕೊಂದು ಮುಕ್ತ ಮಾನದಂಡವಿದೆ. ಅದರ ಮೂಲ ಕೋಡನ್ನು ತಂದು, ಕಂಪ್ಯೂಟರಿಗೆ ಒಗ್ಗುವಂತೆ ಬಿಲ್ಡ್ ಮಾಡಿ, ಯಾವ ಫೈಲು ಎಲ್ಲಿ ಕೂರಬೇಕೆಂದು ಗೊತ್ತುಮಾಡಿ, ಜನ ಸಲೀಸಾಗಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಕಟ್ಟುವುದು ಅವನ ಪಾಲಿಗೆ ಬಂದಿತ್ತು. ಬಿಡಿಗಾಸಿನ ಆದಾಯವಿಲ್ಲ, ಆದರೂ ಅದೆಂದರೆ ಅವನಿಗೆ ಪ್ರಾಣ.

ಎದುರುಮನೆಯ ರಾಮಲಿಂಗಪ್ಪ ಕಾಕಾ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆ ಓಣಿಯ ಕನ್ನಡದ ಮನೆಗಳಲ್ಲಿ ತೊಟ್ಟಿಲ ಕಾರ್ಯವೆಂದರೆ ಕಾಕಾರ ಜೋಗುಳ ಆಗಲೇಬೇಕು. ಹೆಂಗಸರ ಹಾಡು ಗಂಡಸಿಗ್ಯಾಕೆ ಎಂದು ನಕ್ಕವರೇ ಆಮೇಲೆ ತಮ್ಮ ಮನೆಗೂ ಕರೆದರು. ಮಾಂತುವಿನ ತೊಟ್ಟಿಲನ್ನೂ ತೂಗಿದ್ದು ಅದೇ ದನಿ. ಈಗ ಕಾಕಾರ ಮಗಳು ಶೈಲಾ ಬಸುರಿ, ಅಷ್ಟರಲ್ಲಿ ಹಾಳು ರೋಗ ಹುಡುಕಿಕೊಂಡು ಬಂದದ್ದು ಆ ಗಂಟಲಿಗೇ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದುಬಿಟ್ಟರು ಡಾಕ್ಟರು. ಶುಕ್ರವಾರ ಆಪರೇಶನ್. ಅದಕ್ಕೆ ಮೊದಲು ತಂಬೂರಿ ಸಮೇತ ಒಂದು ಜೋಗುಳ ರೆಕಾರ್ಡ್ ಮಾಡಿಕೊಡು, ಮೊಮ್ಮಗು ಕೇಳಲಿ ಎಂದು ಕಾಕಾ ಮಾಂತುವನ್ನು ಕೇಳಿದರು.

ಭಾನುವಾರ ಬೆಳಿಗ್ಗೆ ಕಾಕಾ ಜಳಕ ಮುಗಿಸಿ, ವಿಭೂತಿ ಹಚ್ಚಿಕೊಂಡು ಮೈಕಿನ ಮುಂದೆ ಕೂತರು. ಮಾಂತು ಕಾಕಾರ ಮನೆಯ ಕಂಪ್ಯೂಟರಿಗೆ ತನ್ನ ಪ್ಯಾಕೇಜ್ ಹಾಕಿದ. ನೋಡಿದರೆ ತಂಬೂರಿ ಪ್ಲಗಿನ್ ಕಾಣಿಸಿಕೊಳ್ಳಲೇ ಇಲ್ಲ. ತಪ್ಪು ಅವನಿಗೆ ಕೂಡಲೇ ಹೊಳೆಯಿತು. ಮಾನದಂಡದ ವಿವರಣೆಯ ಫೈಲುಗಳು ಹಾಡುವವರಿಗೇಕೆ ಎಂದು, ಪ್ರೋಗ್ರಾಂ ಬರೆಯುವವರಿಗಾಗಿ ಇದ್ದ ಬೇರೊಂದು ಪ್ಯಾಕೇಜಿಗೆ ಸರಿಸಿಬಿಟ್ಟಿದ್ದ. ಅವಿಲ್ಲದೆ ಪ್ಲಗಿನ್ನಿನ ಗುರುತೇ ಹತ್ತುವುದಿಲ್ಲ. ಅವನ ಕಂಪ್ಯೂಟರಿನಲ್ಲಿ ಎರಡೂ ಇದ್ದವು, ಹಾಗಾಗಿ ಅಲ್ಲಿ ಎಲ್ಲ ಸುಸೂತ್ರ; ಆದರೆ ಅದಿದ್ದ ಮಹಡಿಯನ್ನು ಹತ್ತುವುದು ಕಾಕಾರಿಂದ ಆಗದ ಮಾತು.

ಆ ಇನ್ನೊಂದು ಪ್ಯಾಕೇಜನ್ನೂ ಇಲ್ಲಿ ಹಾಕಿಬಿಟ್ಟಿದ್ದರೆ ಚಹಾ ಆರುವುದರೊಳಗೆ ತಂಬೂರಿ ಮಿಡಿಯುತ್ತಿತ್ತು. ಪುಣ್ಯಾತ್ಮ ಹಾಕಲಿಲ್ಲ. ತಪ್ಪು ಬಯಲಾಗುವ ಕಂಪ್ಯೂಟರು ಇದೊಂದೇ ಕೈಗೆ ಸಿಕ್ಕಿದೆ, ಇದನ್ನು ಹೀಗೇ ಇಟ್ಟರೆ ತಿದ್ದಿದ ಪ್ಯಾಕೇಜನ್ನು ಇದರ ಮೇಲೇ ಪರೀಕ್ಷಿಸಬಹುದು ಎಂಬ ಆಸೆ ಅವನದು. ತಿದ್ದಿ ಕಳಿಸಿದ್ದನ್ನು ಅವನಂತೆಯೇ ಪುಕ್ಕಟೆ ದುಡಿಯುವ ಉಳಿದವರು ನೋಡಿ ಒಪ್ಪುವುದಕ್ಕೆ ಮಂಗಳವಾರವಾಗುತ್ತದೆ, ಅಂದು ಹಾಡೋಣ ಎಂದ. ಕಾಕಾರ ಹೆಂಡತಿ ಶಿವಗಂಗವ್ವ, ಫೋನಿನಲ್ಲೂ ತಂಬೂರಿ ಇದೆಯಲ್ಲ, ಸದ್ಯ ಅದರಲ್ಲೇ ಹಾಡಲಿ ಎಂದಳು. ಫೋನಿನದೂ ಒಂದು ತಂಬೂರಿಯೇ ಎಂದು ಮಾಂತು ನಕ್ಕುಬಿಟ್ಟ.

"ಮಾಂತು ಹೇಳಿದ ಅಂದ್ರ ಮುಗೀತು," ಎಂದರು ಕಾಕಾ. "ಮಂಗಳವಾರ ಹಾಡೂಣಂತ."

ಸೋಮವಾರ ಕಾಕಾರಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಒಯ್ದವರು ಶುಕ್ರವಾರದ ತನಕ ಕಾಯಲಿಲ್ಲ, ಅಂದೇ ಆಪರೇಶನ್ ಮಾಡಿದರು. ದನಿ ಹೋಯಿತು.

ತಿದ್ದಿದ ಪ್ಯಾಕೇಜ್ ಮಂಗಳವಾರ ಪಾಸಾಯಿತು. ಎಲ್ಲೆಲ್ಲಿನವರೋ, ಹೆಸರು ಮುಖ ಗೊತ್ತಿಲ್ಲದವರು, ಈಗ ಎಲ್ಲ ಸರಿಹೋಯಿತು ಎಂದು ಅವನಿಗೆ ಧನ್ಯವಾದ ಬರೆದರು. ಅವನ್ನು ಓದುತ್ತ ಮಾಂತುವಿಗೆ ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಯಾವ ಊರಿನ ಯಾರಿಗೋ ಕೆಲಸಕ್ಕೆ ಬಂತು, ಎದುರುಮನೆಗೆ ಬರಲಿಲ್ಲ. ಪಾಪ, ನನ್ನನ್ನು ತೂಗಿದ ದನಿಯನ್ನೇ ಪರೀಕ್ಷೆಗೆ ಕಾಯಿಸಿದೆನಲ್ಲ ಎಂಬ ಸಂಕಟಕ್ಕೆ ಅನ್ನವೂ ಸೇರದಾಯಿತು.

ಕಾಕಾ ಮನೆಗೆ ಬಂದ ಮೇಲೆ ಧೈರ್ಯ ಮಾಡಿ ಹೋದ. ಅವರು ಒಳಕೋಣೆಯಲ್ಲಿ ಮಲಗಿದ್ದರು. ಶಿವಗಂಗವ್ವ ಕೂರಲು ಹೇಳಿ, ಎದುರಿಗೆ ತಾನೂ ಕೂತಳು.

"ಖರೇ ಹೇಳು ಮಾಂತೂ. ಅವತ್ತ ಹಾಡಸಾಕ ಬರ್ತಿತ್ತೇನು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು.

"ಬರ್ತಿತ್ತು ಕಾಕೂ. ನನ್ನ ಪ್ಯಾಕೇಜ್ ಪರೀಕ್ಷಾ ಮಾಡೂ ಸಲುವಾಗಿ ನಾನ ಬಿಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. ಎದ್ದು ಹೋಗಿ ಒಳಕೋಣೆಯ ಬಾಗಿಲು ಮುಂದೆ ಮಾಡಿ ಬಂದಳು.

"ಅವರಿಗೆ ಹೇಳಬ್ಯಾಡ," ಎಂದಳು. "ಮಾಂತು ಭಾಳ ಒದ್ದಾಡಿದಾ, ಮಷೀನ ಕೇಳಲಿಲ್ಲ ಅಂತ ಶೈಲಾಗ ಬರದ ತೋರಿಸ್ಯಾರ."