ತಾನು ತಿನ್ನದ ರೊಟ್ಟಿ

ನಮ್ಮ ಗುಡ್ಡದ ಚರ್ಚಿನಲ್ಲಿ ಕರ್ತನ ಭೋಜನಕ್ಕೆ, ಎಂದರೆ ಸಭೆಯವರೆಲ್ಲ ಚೂರು ಚೂರು ಹಂಚಿಕೊಂಡು ತಿನ್ನುವ ಪವಿತ್ರ ಊಟಕ್ಕೆ, ರೊಟ್ಟಿ ಮಾಡುತ್ತಿದ್ದವಳು ಐಸಿಲ್ಡಾ. ಮೂರು ತಿಂಗಳಿಗೊಮ್ಮೆ, ಶುಕ್ರವಾರ ಸೂರ್ಯ ಮುಳುಗಿ, ನಮ್ಮ ಶನಿವಾರದ ವಿಶ್ರಾಂತಿದಿನವಾದ ಸಬ್ಬತ್ ಶುರುವಾಗುವ ಮೊದಲು, ಹುಳಿ ಸೇರಿಸದೆ ಹಿಟ್ಟು ಕಲಸಿ, ತೆಳ್ಳಗೆ ಲಟ್ಟಿಸಿ ಬೇಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿಡುತ್ತಿದ್ದಳು. ರುಚಿಯ ವಿಚಾರ ಆಮೇಲೆ ಹೇಳುತ್ತೇನೆ. ಸಾಂತಾಕ್ರೂಸ್ ಪೇಟೆಯಲ್ಲಿ ಈರುಳ್ಳಿ ಸೊಪ್ಪು ಮಾರುವಾಗ ಗಿರಾಕಿಗಳ ಮೇಲೆ ಹರಿಹಾಯುವ ಹೆಂಗಸು ಆ ಹಿಟ್ಟಿನ ಮುಂದೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಆ ರೊಟ್ಟಿಯ ಒಂದು ಚೂರನ್ನೂ ತಾನು ಬಾಯಿಗೆ ಹಾಕುತ್ತಿರಲಿಲ್ಲ. ಗಂಡ ಎಗ್ಬರ್ಟ್ ತೀರಿಕೊಂಡ ಮೇಲೆ ರೊಟ್ಟಿ ಮಾಡುವ ಕೆಲಸ ಅವಳ ಕೈಗೆ ಬಂತು, ತಿನ್ನುವುದು ನಿಂತಿದ್ದೂ ಆಗಲೇ.

ಕಾರಣ ಊರಿಗೆಲ್ಲ ಗೊತ್ತು. ಎಗ್ಬರ್ಟ್‌ಗೆ ಕೆಳಗಿನ ಕೇರಿಯ ವರ್ಲೀನಳಲ್ಲಿ ಒಬ್ಬ ಮಗಳಿದ್ದಳು. ಇಂಥ ಸುದ್ದಿಗೆ ಜಮೈಕಾದಲ್ಲಿ ಯಾರೂ ಮೂರ್ಛೆ ಹೋಗುವುದಿಲ್ಲ. ಐಸಿಲ್ಡಾಗೆ ಮಕ್ಕಳಾಗಿರಲಿಲ್ಲ, ಅದಕ್ಕೇ ಅವಳಿಗೆ ಆಳವಾಗಿ ಚುಚ್ಚಿತ್ತು. ಆಮೇಲೆ ಎಗ್ಬರ್ಟ್‌ಗೆ ಸಕ್ಕರೆ ಕಾಯಿಲೆ ಬಂತು. ಕಾಲು ಕೊಳೆಯಿತು, ಮೊಣಕಾಲಿನವರೆಗೆ ಕತ್ತರಿಸಿದರು, ಕೊನೆಗೆ ಅವನೂ ಹೋದ. ಅಷ್ಟೂ ದಿನ ಆ ಹುಣ್ಣು ತೊಳೆದು ಪಟ್ಟಿ ಕಟ್ಟಿದವಳು ಐಸಿಲ್ಡಾ. ಮಣ್ಣು ಮಾಡುವಾಗ ವರ್ಲೀನ್ ಮಗಳ ಕೈ ಹಿಡಿದು ಗುಂಡಿಯ ಆಚೆ ಬದಿ ಬಂದು ನಿಂತಳು. ಈಚೆ ಬದಿ ನಿಂತ ಐಸಿಲ್ಡಾ ಒಂದು ಹನಿ ಕಣ್ಣೀರು ಹಾಕಲಿಲ್ಲ.

"ಅವಳ ಮುಂದೆ ಅಳ್ತೀನಾ? ಮನೆಗೆ ಹೋಗಿ ಅತ್ತರಾಯ್ತು ಅಂದ್ಕೊಂಡೆ ಕಣೇ ಡಲ್ಸಿ" ಎಂದು ಒಮ್ಮೆ ನನಗೆ ಹೇಳಿದಳು. "ಮನೆಗೆ ಹೋದ್ಮೇಲೆ ಬರ್ಲೇ ಇಲ್ಲ. ಇಲ್ಲೇ ಕಲ್ಲಾಗಿ ಕೂತ್ಬಿಟ್ಟಿದೆ."

ಅದಾದ ವರ್ಷವೇ ವರ್ಲೀನ್ ದೀಕ್ಷಾಸ್ನಾನ ಮಾಡಿಸಿಕೊಂಡು ನಮ್ಮ ಸಭೆಗೇ ಸೇರಿದಳು. ಗುಡ್ಡದಲ್ಲಿ ಇರುವುದು ಇದೊಂದೇ ಚರ್ಚು, ಇನ್ನೆಲ್ಲಿಗೆ ಹೋಗಬೇಕು? ನಮ್ಮಲ್ಲಿ ರೊಟ್ಟಿ ತಿನ್ನುವ ಮೊದಲು ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಕಾಲು ಒಬ್ಬರು ತೊಳೆಯಬೇಕು. ಗಂಡಸರು ಅಂಗಳದಲ್ಲಿ, ಹೆಂಗಸರು ಹಿಂದಿನ ಕೋಣೆಯಲ್ಲಿ. ಯಾರ ಮೇಲಾದರೂ ಸಿಟ್ಟಿದ್ದರೆ ಮೊದಲು ಅವರ ಜೊತೆ ರಾಜಿಯಾಗಿ ಬಾ ಎನ್ನುತ್ತಾರೆ ಸಭೆಯ ಹಿರಿಯರು. ಈ ಮಾತನ್ನು ನಾವೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ನಮಗೆ ಬೇಕಾದವರ ಕಾಲು ತೊಳೆದು, ರೊಟ್ಟಿ ತಿಂದು ಮನೆಗೆ ಹೋಗುತ್ತೇವೆ. ಐಸಿಲ್ಡಾ ಹಾಗಲ್ಲ.

"ಕ್ಷಮಿಸಿಲ್ಲ, ಕ್ಷಮಿಸಿದೀನಿ ಅಂತ ದೇವರ ಮುಂದೆ ಸುಳ್ಳು ಹೇಳಲ್ಲ. ಈ ಕಲ್ಲು ತೆಗಿ ಅಂತ ಪ್ರತಿ ಶುಕ್ರವಾರ ಒಲೆ ಮುಂದೆ ಕೇಳ್ತಾನೇ ಇದೀನಿ. ಅವನು ತೆಗೆದ ದಿನ ತಿಂತೀನಿ" ಎನ್ನುತ್ತಿದ್ದಳು.

ಎಲ್ಲರೂ ಕಾಲು ತೊಳೆಯುವಾಗ ಅವಳು ಅಡುಗೆಮನೆಯಲ್ಲಿ ನಿಂತು ನೀರು ಕಾಯಿಸುತ್ತಿದ್ದಳು. ವರ್ಲೀನಳೂ ಮೂಲೆಯ ಬೆಂಚಿನಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಐಸಿಲ್ಡಾಳ ಬಾಯಿಗೆ ಹೆದರಿ ಇವಳ ಜೊತೆ ಕೂರಲು ಯಾರೂ ಮುಂದಾಗುತ್ತಿರಲಿಲ್ಲ. ಜೊತೆಯಿಲ್ಲದೆ ಕಾಲು ತೊಳೆಯುವ ಹಾಗಿಲ್ಲ, ಕಾಲು ತೊಳೆಯದೆ ರೊಟ್ಟಿ ಇಲ್ಲ. ಹೀಗೆ ಒಬ್ಬಳು ಹಟಕ್ಕೆ, ಇನ್ನೊಬ್ಬಳು ಗತಿಯಿಲ್ಲದೆ, ಇಬ್ಬರೂ ವರ್ಷಗಟ್ಟಲೆ ಉಪವಾಸ.

ಹೀಗೇ ಒಂದು ಭೋಜನದ ಶನಿವಾರ, ಕಣ್ಣು ಕಾಣದ ಮುದುಕಿ ಯೂಫೀಮಿಯಾಳ ಜೊತೆಗಾತಿ ಇರಲಿಲ್ಲ, ಹೋದ ತಿಂಗಳಷ್ಟೇ ತೀರಿಕೊಂಡಿದ್ದಳು. ಮುದುಕಿ ತಡವುತ್ತಾ ಹೋಗಿ ಮೂಲೆಯ ಬೆಂಚಿನ ಮುಂದೆ ನಿಂತಳು.

"ಯಾರಮ್ಮಾ ಇಲ್ಲಿ ಕೂತಿರೋದು? ಬಾ, ನನಗೆ ಜೊತೆಯಾಗು."

"ನಾನು ವರ್ಲೀನ್, ಸಿಸ್ಟರ್."

"ಯಾರಾದ್ರೇನು, ಕಾಲಿದೆ ತಾನೆ?"

ವರ್ಲೀನ್ ಈಚೆಗೆ ಎಂಥ ಸೆಕೆಯಲ್ಲೂ ಕಾಲುಚೀಲ ಬಿಚ್ಚುತ್ತಿರಲಿಲ್ಲ. ಕುರುಡಿಯ ಮುಂದೆ ಏನು ನಾಚಿಕೆ ಎಂದುಕೊಂಡಳೋ ಏನೋ, ಅವತ್ತು ಬಿಚ್ಚಿದಳು. ಬಿಸಿನೀರಿಗೆ ಬೆರೆಸಲು ತಣ್ಣೀರು ತರುವುದು ನನ್ನ ಕೆಲಸ. ನಲ್ಲಿ ಒಣಗಿತ್ತು ಅಂತ ನಾನು ತೊಟ್ಟಿಗೆ ಹೋಗಿದ್ದೆ. ಬಕೆಟ್ ಹಿಡಿದು ವಾಪಸು ಬರುವಷ್ಟರಲ್ಲಿ ಮುದುಕಿ ಕೆಟಲಿನ ನೀರನ್ನು ನೇರವಾಗಿ ಬೋಗುಣಿಗೆ ಸುರಿದಿದ್ದಳು. ಹಬೆ ಏಳುತ್ತಿದ್ದ ಆ ನೀರಿನಲ್ಲಿ ವರ್ಲೀನಳ ಪಾದ ಮುಳುಗಿತ್ತು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಕೆಟಲು ಹಿಡಿದು ಐಸಿಲ್ಡಾ ಬಾಗಿಲಿಗೆ ಬಂದಳು. ಹಬೆ ನೋಡಿದಳು, ಕಾಲು ನೋಡಿದಳು, ಮುಖ ನೋಡಿದಳು.

"ಕಾಲು ತೆಗಿಯೇ!" ಎಂದು ಕಿರುಚಿ, ಕೆಟಲನ್ನು ಅಲ್ಲೇ ಕುಕ್ಕಿ, ಓಡಿ ಬಂದು ಮೊಣಕಾಲೂರಿ ಆ ಪಾದವನ್ನು ಎತ್ತಿ ತನ್ನ ಬಿಳಿ ಲಂಗದ ಮೇಲೆ ಇಟ್ಟುಕೊಂಡಳು.

ಐಸಿಲ್ಡಾ ಮೊಣಕಾಲೂರಿದ್ದಾಳೆ, ವರ್ಲೀನಳ ಕಾಲು ಅವಳ ಮಡಿಲಲ್ಲಿದೆ. ಇಬ್ಬರೂ ರಾಜಿಯಾದರು ಎನ್ನಲು ನಮ್ಮ ಹೆಂಗಸರಿಗೆ ಅಷ್ಟು ಸಾಕು. ಒಬ್ಬಳು ಬಿಕ್ಕಿದಳು, ಇನ್ನೊಬ್ಬಳು 'ದೇವರಿಗೆ ಸ್ತೋತ್ರ' ಎಂದಳು, ಇಡೀ ಕೋಣೆ ಹಾಡತೊಡಗಿತು.

"ಹಾಡು ನಿಲ್ಸ್ರೇ! ತಣ್ಣೀರು ತನ್ರಿ ಮೊದ್ಲು!" ಐಸಿಲ್ಡಾ ಗದರಿದಳು. ಆಮೇಲೆ ವರ್ಲೀನಳ ಕಡೆ ತಿರುಗಿ, "ಉರೀತಿಲ್ವೇನೇ?" ಎಂದಳು.

"ಏನು ಉರೀಬೇಕು?"

ಐಸಿಲ್ಡಾ ಇನ್ನಷ್ಟು ಬಾಗಿದಳು. ಪಾದ ತಿರುಗಿಸಿದಳು. ಹೆಬ್ಬೆರಳಿನ ಕೆಳಗೆ ಅಂಚು ಕಪ್ಪಾದ ಹುಣ್ಣು, ಅದರ ವಾಸನೆ ಬೇರೆ.

"ಎಗ್ಬರ್ಟ್‌ಗೂ ಹೀಗೇ ಶುರುವಾಗಿದ್ದು. ಕೆಂಡದ ಮೇಲೆ ಕಾಲಿಟ್ಟಿದ್ದ, ನಾನು ಕೂಗೋ ತನಕ ಅವನಿಗೆ ಗೊತ್ತೇ ಆಗ್ಲಿಲ್ಲ. ಯಾರಿಗೆ ತೋರಿಸಿದೀಯ ಇದನ್ನ?"

"ಯಾರಿಗೆ ತೋರಿಸ್ಲಿ? ಇಲ್ಲಿರೋರೆಲ್ಲ ನಿನ್ನ ಕಡೆಯವ್ರು. ಆಸ್ಪತ್ರೇಲಿ ಕತ್ತರಿಸ್ತಾರೆ."

"ಹೀಗೇ ಮುಚ್ಚಿಟ್ಕೊಂಡ್ರೆ ಕತ್ತರಿಸ್ದೆ ಮುದ್ದು ಮಾಡ್ತಾರಾ? ಸೋಮವಾರ ನನ್ನ ಜೊತೆ ಹೊರಡು. ಬರ್ಲಿಲ್ಲ ಅಂದ್ರೆ ನಿನ್ನ ಮನೆ ಬಾಗಿಲಿಗೇ ಬಂದು ಗಲಾಟೆ ಮಾಡ್ತೀನಿ."

ನಾನು ತಂದ ತಣ್ಣೀರಿನಿಂದ ಆ ಪಾದವನ್ನು ತೊಳೆದು, ಒತ್ತದ ಹಾಗೆ ಒರೆಸಿ, ಒಗೆದ ಟವೆಲು ಸುತ್ತಿ ಏಳಲು ಹೊರಟಳು. ವರ್ಲೀನ್ ಅವಳ ತೋಳು ಹಿಡಿದಳು.

"ಈಗ ನಿನ್ನ ಕಾಲು ಕೊಡು."

"ನನ್ನ ಕಾಲಿಗೇನು ರೋಗ?"

"ರೋಗ ಏನಿಲ್ಲ. ನೀನು ತೊಳೆದಾಯ್ತು, ಈಗ ನನ್ನ ಸರದಿ."

ಐಸಿಲ್ಡಾ ಸುತ್ತಲೂ ನೋಡಿದಳು. ಯಾರೂ ಸಹಾಯಕ್ಕೆ ಬರಲಿಲ್ಲ. ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟಳು. ವರ್ಲೀನ್ ನೆಲಕ್ಕಿಳಿದು, ಪೇಟೆ ಸುತ್ತಿ ಸುತ್ತಿ ಬಿರುಕುಬಿಟ್ಟ ಆ ಹಿಮ್ಮಡಿಗಳನ್ನು ನಿಧಾನವಾಗಿ ತೊಳೆದಳು. ಎಷ್ಟೋ ವರ್ಷದಿಂದ ಅವನ್ನು ಯಾರೂ ಮುಟ್ಟಿರಲಿಲ್ಲ.

"ಅವತ್ತು ಸಮಾಧಿ ಹತ್ರ ನೀನು ಅಳ್ಲೇ ಇಲ್ಲ" ಎಂದಳು ವರ್ಲೀನ್, ತಲೆ ಎತ್ತದೆ. "ನಿನ್ನೆದುರು ಅಳೋಕೆ ನನಗೇನು ಹಕ್ಕಿದೆ ಅಂತ ನಾನೂ ತುಟಿ ಕಚ್ಕೊಂಡು ನಿಂತೆ. ಇವತ್ತಿಗೂ ಅತ್ತಿಲ್ಲ."

"ನೀನೂನಾ?" ಎಂದಳು ಐಸಿಲ್ಡಾ. ಅಷ್ಟು ಹೇಳುವಷ್ಟರಲ್ಲಿ ಅವಳ ಗಂಟಲಿನಿಂದ ಒಂದು ಸದ್ದು ಬಂತು, ಅಂಥ ಸದ್ದನ್ನು ನಾನು ಅವಳಿಂದ ಕೇಳಿರಲಿಲ್ಲ. ಅತ್ತಳು. ಕೆಳಗೆ ಕೂತವಳೂ ಅತ್ತಳು. ಅವನಿಗಾಗಿ ಅಳಬೇಕಾಗಿದ್ದ ಹೆಂಗಸರಿಬ್ಬರೂ ಕೊನೆಗೂ ಅತ್ತರು. ಈ ಸಲ ಯಾರೂ ಹಾಡಲಿಲ್ಲ.

ಅವತ್ತೇ ಅವಳು ರೊಟ್ಟಿ ತಿಂದಳು ಎಂದು ನೀವು ಎಣಿಸಿದ್ದರೆ ನಿಮಗೆ ಐಸಿಲ್ಡಾ ಗೊತ್ತಿಲ್ಲ. ತಟ್ಟೆ ಹತ್ತಿರ ಬಂದಾಗ ತಲೆಯಾಡಿಸಿ ಮುಂದೆ ಕಳಿಸಿದಳು.

"ಅತ್ತಿದ್ದು ನಿಜ. ಕ್ಷಮಿಸಿದ್ದು ಅಂತ ಅದಕ್ಕೆ ಹೆಸರಿಡ್ಬೇಡ" ಎಂದು ನನಗೆ ಪಿಸುಗುಟ್ಟಿದಳು. ತಟ್ಟೆ ವರ್ಲೀನಳ ಮುಂದೆಯೂ ಬಂತು. ಐಸಿಲ್ಡಾ ತಿನ್ನದ್ದನ್ನು ನೋಡಿ ಅವಳೂ ಮುಟ್ಟಲಿಲ್ಲ.

ಸೋಮವಾರ ಇಬ್ಬರೂ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ವರ್ಲೀನಳ ಮಗಳಿಗೆ ದೂರದ ಮಾಂಟೆಗೋ ಬೇಯ ಹೋಟೆಲಿನಲ್ಲಿ ಕೆಲಸ, ಮನೆಯಲ್ಲಿ ಪಟ್ಟಿ ಬದಲಿಸುವವರಿಲ್ಲ. ಪೇಟೆ ಮುಗಿಸಿ ಬರುವಾಗ ಐಸಿಲ್ಡಾ ದಿನಾ ಕೆಳಗಿನ ಕೇರಿಗೆ ಹೋಗತೊಡಗಿದಳು. ಸಕ್ಕರೆ ಹಾಕಿದ ಚಹಾ ಕುಡಿದಿದ್ದಕ್ಕೆ ಬೈಯುವಳು, ಬರಿಗಾಲಲ್ಲಿ ಓಡಾಡಿದ್ದಕ್ಕೆ ಬೈಯುವಳು. ವರ್ಲೀನ್ ಸುಟ್ಟ ಜೀಗುಜ್ಜೆ ಕಾಯಿಯ ಹೋಳು ಮುಂದಿಟ್ಟು, "ತಿಂದ್ಕೊಂಡು ಬೈಯಿ, ಶಕ್ತಿ ಬೇಕಲ್ಲ" ಎನ್ನುವಳು. ಬೈಗುಳದ ನಡುವೆ ಎಗ್ಬರ್ಟನ ಮಾತು ಬರುತ್ತಿತ್ತು. ಅವನು ಇಬ್ಬರಿಗೂ ಒಂದೇ ಸುಳ್ಳನ್ನು ಹೇಳಿದ್ದ ಎಂದು ಒಂದು ದಿನ ಗೊತ್ತಾಗಿ, ಇಬ್ಬರೂ ಸೇರಿ ಅವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು.

ಮುಂದಿನ ಭೋಜನದ ಹಿಂದಿನ ದಿನ, ಶುಕ್ರವಾರ, ಐಸಿಲ್ಡಾ ಹಿಟ್ಟಿನ ಕೈಯಲ್ಲೇ ನನ್ನ ಬಾಗಿಲಿಗೆ ಬಂದಳು.

"ಡಲ್ಸಿ, ಒಲೆ ಮುಂದೆ ನಿಂತೆ. ಕಲ್ಲು ತೆಗಿ ಅಂತ ಕೇಳ್ಬೇಕು ಅಂತ ಬಾಯಿ ತೆಗೆದ್ರೆ, ಕೇಳೋಕೆ ಅದು ಅಲ್ಲಿಲ್ಲ ಕಣೇ. ಯಾವಾಗ ಹೋಯ್ತೋ ನಂಗೇ ಗೊತ್ತಾಗ್ಲಿಲ್ಲ."

ಮಾರನೆ ದಿನ ಇಬ್ಬರೂ ಒಬ್ಬರ ಕಾಲು ಒಬ್ಬರು ತೊಳೆದರು, ನೀರು ಸಾಕಷ್ಟು ತಣ್ಣಗಿದೆಯಾ ಎಂದು ನಾನೇ ಕೈಯಿಟ್ಟು ನೋಡಿದೆ. ಆಮೇಲೆ ಸಭೆಯಲ್ಲಿ ನನ್ನ ಪಕ್ಕ ಐಸಿಲ್ಡಾ, ಅವಳ ಪಕ್ಕ ವರ್ಲೀನ್. ತಟ್ಟೆ ಬಂತು. ಐಸಿಲ್ಡಾ ಒಂದು ಚೂರು ತೆಗೆದುಕೊಂಡು, ಕಣ್ಣು ಮುಚ್ಚಿ ಬಾಯಿಗೆ ಹಾಕಿದಳು. ಅಗಿದಳು. ಕಣ್ಣು ತೆರೆದಳು.

"ಡಲ್ಸಿ, ಇದಕ್ಕೆ ಉಪ್ಪೇ ಇಲ್ವಲ್ಲೇ!"

"ನೀನು ಮಾಡೋದ್ರಲ್ಲಿ ಯಾವತ್ತೂ ಇರ್ಲಿಲ್ಲ."

"ಇಷ್ಟು ವರ್ಷ ಇದನ್ನೇ ತಿಂದ್ರಾ? ಒಬ್ಬರಾದ್ರೂ ಬಾಯಿ ಬಿಡ್ಬಾರ್ದಾ?"

"ತಿನ್ನದೇ ಇರೋಳಿಗೆ ಹೇಗೇ ಹೇಳೋದು? ನೊಂದ್ಕೋತೀಯ ಅಂತ ಸುಮ್ಮನಿದ್ವಿ."

ಅತ್ತ ವರ್ಲೀನ್ ತನ್ನ ಚೂರನ್ನು ಅಗಿಯುತ್ತಾ ಬಾಗಿ ಪಿಸುಗುಟ್ಟಿದಳು: "ಇದಕ್ಕೇನಾ ನಾವಿಬ್ರೂ ಇಷ್ಟು ವರ್ಷ ಕಾದಿದ್ದು?"

ಐಸಿಲ್ಡಾಗೆ ನಗು ತಡೆಯಲಾಗಲಿಲ್ಲ. ಹಿರಿಯರು ಹುಬ್ಬು ಗಂಟಿಕ್ಕಿ ನಮ್ಮ ಸಾಲನ್ನೇ ನೋಡುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಉಪ್ಪಿಲ್ಲದ ಆ ಚೂರನ್ನು ಬಹಳ ಹೊತ್ತು ಅಗಿದು ನುಂಗಿದಳು.