ಮುಂಬಾಗಿಲಿನ ಪಾಲು

ಹೊಸ ಕಟ್ಟಡ ಕಟ್ಟುವವರು ಹತ್ತರಲ್ಲೊಂದು ಮನೆಯನ್ನು ಕಡಿಮೆ ಸಂಬಳದವರಿಗೆ ಅಗ್ಗದಲ್ಲಿ ಕೊಡಲೇಬೇಕು ಎಂದು ನಗರಸಭೆ ಕಾಯ್ದೆ ಮಾಡಿತು. ಅದರ ಪುಣ್ಯದಿಂದ ನಮ್ಮ ಲಿಫ್ಟಣ್ಣನಿಗೆ ದೊಡ್ಡ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಆಸ್ಪತ್ರೆಯಲ್ಲಿ ಲಿಫ್ಟ್ ಓಡಿಸಿಯೇ ಕೂದಲು ಬೆಳ್ಳಗಾದವನು ಅವನು. "ಜೀವಮಾನವಿಡೀ ಮೇಲೆ ಹೋಗಿದೀನಿ, ಅಷ್ಟೇ ಸಲ ಕೆಳಗೂ ಬಂದಿದೀನಿ. ಮೇಲೇ ಉಳ್ಕೊಂಡಿದ್ದು ಇದೇ ಮೊದ್ಲು" ಎಂದು ತನ್ನನ್ನೇ ಆಡಿಕೊಂಡ.

ಹುಟ್ಟುಗುಣ ಸುಟ್ಟರೂ ಹೋಗದಂತೆ; ಕೆಲಸದಲ್ಲಿ ಅಂಟಿದ ಗುಣವೂ ಅಷ್ಟೇ. ಹೊಸ ಮನೆಯ ಲಿಫ್ಟಿಗೆ ಕಾಲಿಟ್ಟ ಕೂಡಲೇ ಅವನು ಗುಂಡಿಗಳ ಪಕ್ಕ ನಿಂತುಬಿಡುತ್ತಿದ್ದ. ಬಂದವರನ್ನೆಲ್ಲ ಅವರವರ ಮಹಡಿಗೆ ಇಳಿಸಿ, ತನ್ನದು ಯಾವಾಗಲೋ ದಾಟಿಹೋದದ್ದು ನೆನಪಾಗಿ ಕೆಳಗೆ ಬರುತ್ತಿದ್ದ. ಒಂದು ದಿನ ತುದಿ ಮಹಡಿಯ ಅಮ್ಮನವರು ತರಕಾರಿ ಚೀಲ ಕೈಗಿತ್ತರು. ಬಾಗಿಲವರೆಗೂ ಹೊತ್ತುಕೊಟ್ಟ, ಅವರು ಚಿಲ್ಲರೆ ಕೊಟ್ಟಾಗ ಸಲಾಮು ಹೊಡೆದು ಜೇಬಿಗಿಳಿಸಿದ. ಕೇಳಿ ಹೆಂಡತಿ ಹಣೆ ಚಚ್ಚಿಕೊಂಡಳು.

"ಏನ್ರೀ, ನಾವೂ ಇಲ್ಲಿ ಮನೆಯವ್ರೇ ಅಲ್ವಾ?"

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ ಕಣೇ, ನನ್ನ ಪಾಲಿಗೆ ಆ ಪೂಜಾರಿ ನಾನೇ."

ಅಷ್ಟರಲ್ಲಿ ಕಟ್ಟಡದ ಸಂಘ ಸಭೆ ಕರೆಯಿತು. ಅಗ್ಗದ ಮನೆಯವರು ಇನ್ನು ಹಿಂಬಾಗಿಲಿನಿಂದ, ಕಸದ ಡಬ್ಬಗಳ ಪಕ್ಕದ ಮೆಟ್ಟಿಲಲ್ಲಿ ಓಡಾಡಬೇಕು ಎಂಬುದು ವಿಷಯ. ಎಲ್ಲ ಮನೆಯವರೂ ಒಪ್ಪಿದರೆ ಮಾತ್ರ ನಗರಸಭೆ ಬಿಡುತ್ತದೆ. ಒಬ್ಬನೇ ಒಬ್ಬ ಮನೆಯೊಡೆಯ ಬೇಡವೆಂದರೂ ಅಲ್ಲಿಗೆ ಮುಗಿಯಿತು. ಹೆಂಡತಿಗೋ ಮಂಡಿನೋವು. ಲಿಫ್ಟು ತಪ್ಪಿದರೆ ಅವಳು ಮನೆಯಿಂದ ಹೊರಬೀಳುವುದೇ ಕಷ್ಟ. "ದೊಡ್ಡೋರ ಜೊತೆ ಪಳಗಿದೋರು ನೀವು, ನೀವೇ ಮಾತಾಡಿ" ಎಂದು ಉಳಿದ ಅಗ್ಗದ ಮನೆಯವರು ಅವನನ್ನೇ ಮುಂದೆ ಮಾಡಿದರು. ಪಳಗಿದ್ದೇನೋ ನಿಜ, ಎತ್ತು ನೊಗಕ್ಕೆ ಪಳಗಿದ ಹಾಗೆ ಎಂದುಕೊಂಡ ಅವನು.

"ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದರು ಸಂಘದ ಕಾರ್ಯದರ್ಶಿ.

ಹೆಂಡತಿ ಮೊಣಕೈಯಿಂದ ತಿವಿದಳು. ಎದ್ದು ನಿಂತ. ಬಾಯಿಪಾಠ ಮಾಡಿಕೊಂಡು ಬಂದದ್ದು ಗಂಟಲಿಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಅವನತ್ತ ನೋಡಿ, "ಒಳ್ಳೇದಾಯ್ತು, ಆ ಫ್ಯಾನು ಸ್ವಲ್ಪ ಜೋರು ಮಾಡಪ್ಪ" ಎಂದರು.

ಅವನನ್ನು ಕೇಳದೆಯೇ ಅವನ ಕಾಲು ನಡೆಯಿತು. ಫ್ಯಾನು ಜೋರು ಮಾಡಿದ. ಸಾಲದ್ದಕ್ಕೆ "ಇಷ್ಟು ಸಾಕಾ ಸಾರ್?" ಎಂದೂ ಕೇಳಿದ, ಪುಣ್ಯಾತ್ಮ!

"ಹಾಗಾದ್ರೆ ಎಲ್ರೂ ಒಪ್ಪಿದ ಹಾಗೆ" ಎನ್ನುತ್ತಿದ್ದರು ಕಾರ್ಯದರ್ಶಿ. ತಿರುಗಿ ನೋಡಿದ. ಹೆಂಡತಿ ಬಯ್ಯುತ್ತಿರಲಿಲ್ಲ, ಹಣೆಯನ್ನೂ ಚಚ್ಚಿಕೊಳ್ಳುತ್ತಿರಲಿಲ್ಲ. ಮಂಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು.

ಫ್ಯಾನು ಆರಿಸಿದ. ಎಲ್ಲರೂ ಅವನತ್ತ ನೋಡಿದರು.

"ನಾನು ಒಪ್ಪಿಲ್ಲ ಸಾರ್. ಮೂರನೇ ಮಹಡಿ ಮನೆಯವನು ನಾನು. ನಮ್ಮನೆಯೋಳು ಮುಂದಿನ ಬಾಗ್ಲಲ್ಲೇ ಓಡಾಡ್ತಾಳೆ." ಬಾಯಿಪಾಠದ ಒಂದು ಮಾತೂ ಬರಲಿಲ್ಲ.

ತುದಿ ಮಹಡಿಯ ಅಮ್ಮನವರು ಮುಖ ತಗ್ಗಿಸಿದರು. ಕಾರ್ಯದರ್ಶಿ ಕೈಯಲ್ಲಿದ್ದ ಕಾಗದ ಮಡಚಿಟ್ಟು, "ಸರಿ, ಈ ವಿಷಯ ಇಲ್ಲಿಗೇ ಬಿಡೋಣ" ಎಂದರು. ಆಮೇಲೆ ಮುಂದಿನ ಸಾಲಿನ ಖಾಲಿ ಕುರ್ಚಿ ತೋರಿಸಿ, "ಬನ್ನಿ, ಕೂತ್ಕೊಳ್ಳಿ" ಎಂದರು.

ಯಾರೋ ದೊಡ್ಡವರು ಬಂದರೆಂದು ಅವನು ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತ.

"ನಿಮ್ಗೇ ರೀ ಹೇಳ್ತಿರೋದು" ಎಂದಳು ಹೆಂಡತಿ.